ವಿಎಫ್‌ಎಕ್ಸ್‌ನಲ್ಲಿ ಮೊದಲ ಕೆಲಸ: ರೀಲ್‌ನಿಂದ ಆಫರ್ ಲೆಟರ್‌ವರೆಗೆ

ಬೆಂಗಳೂರಿನ ವಿಎಫ್‌ಎಕ್ಸ್ (ವಿಷುವಲ್ ಎಫೆಕ್ಟ್ಸ್, ಅಂದರೆ ಚಿತ್ರೀಕರಿಸಿದ ದೃಶ್ಯವನ್ನು ಕಂಪ್ಯೂಟರ್‌ನಲ್ಲಿ ತಿದ್ದುವ, ಹೊಸದನ್ನು ಸೇರಿಸುವ ಕೆಲಸ) ಸ್ಟುಡಿಯೋಗೆ ಹೊಸಬರ ಅರ್ಜಿ ಬಂದಾಗ ಅದನ್ನು ಮೊದಲು ತೆರೆಯುವವರು ಎಚ್‌ಆರ್‌ನವರು. ಬೇಕು, ಬೇಡ ಎಂದು ಹೇಳುವವರು ಮಾತ್ರ ಆ ವಿಭಾಗದ ಲೀಡ್, ಅಂದರೆ ತಂಡದ ಮುಖ್ಯಸ್ಥರು. ಅವರು ತಮ್ಮ ಶಾಟ್‌ಗಳ ನಡುವೆ ಬಿಡುವು ಮಾಡಿಕೊಂಡು, ಹೆಚ್ಚಿನ ಸಲ ಸೌಂಡ್ ಆಫ್ ಮಾಡಿಯೇ, ಅರ್ಜಿದಾರರ ಕೆಲಸದ ಮಾದರಿಗಳ ಕಿರು ವಿಡಿಯೋ ಆದ ರೀಲ್‌ನ ಮೊದಲ ಹದಿನೈದು ಇಪ್ಪತ್ತು ಸೆಕೆಂಡ್ ನೋಡುತ್ತಾರೆ. ಆಗ ಅವರ ತಲೆಯಲ್ಲಿರುವ ಪ್ರಶ್ನೆ ಒಂದೇ: ಇವರಿಗೆ ನಾಳೆ ಒಂದು ಶಾಟ್ ಕೊಟ್ಟರೆ ಎಷ್ಟು ಸಲ ತಿದ್ದಿಸಬೇಕಾದೀತು? ಡಿಪ್ಲೊಮಾ, ಅಂಕಪಟ್ಟಿ, ಗೊತ್ತಿರುವ ಸಾಫ್ಟ್‌ವೇರ್‌ಗಳ ಉದ್ದನೆಯ ಪಟ್ಟಿ, ಇವು ಯಾವುವೂ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆದ್ದರಿಂದ ಕೆಲಸ ಹುಡುಕುವ ಪ್ರತಿ ಹಂತವನ್ನೂ ಆ ಲೀಡ್‌ನ ಕುರ್ಚಿಯಲ್ಲಿ ಕೂತು ಯೋಚಿಸಬೇಕು. ರೀಲ್ ಕಳಿಸಿದವರಾಗಿಯೂ ನೋಡಿದವರಾಗಿಯೂ ನಮಗೆ ತಿಳಿದಿರುವುದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಮಾರುಕಟ್ಟೆಯ ಸ್ಥಿತಿ. ಹಾಲಿವುಡ್ ಬರಹಗಾರರ ಮುಷ್ಕರ 2023ರ ಮೇ 2ರಿಂದ ಸೆಪ್ಟೆಂಬರ್ 27ರವರೆಗೂ, ನಟರ ಮುಷ್ಕರ ಜುಲೈ 14ರಿಂದ ನವೆಂಬರ್ 9ರವರೆಗೂ ನಡೆಯಿತು. ಅಲ್ಲಿ ಶೂಟಿಂಗ್ ನಿಂತ ಮೇಲೆ ಇಲ್ಲಿಗೆ ಬರಬೇಕಿದ್ದ ಪ್ಲೇಟ್‌ಗಳೂ (ಕ್ಯಾಮೆರಾದಲ್ಲಿ ಚಿತ್ರಿಸಿದ ಮೂಲ ದೃಶ್ಯಗಳು) ನಿಂತವು. ಅದರಿಂದ ಚೇತರಿಸಿಕೊಳ್ಳುವ ಮೊದಲೇ, 2025ರ ಫೆಬ್ರವರಿಯಲ್ಲಿ ವಿಎಫ್‌ಎಕ್ಸ್ ಸಂಸ್ಥೆ ಟೆಕ್ನಿಕಲರ್ ಗ್ರೂಪ್ ಕುಸಿದು ಅದರ ಬೆಂಗಳೂರಿನ ಸ್ಟುಡಿಯೋ ಮುಚ್ಚಿತು. ಅದರ ಘಟಕಗಳಾದ ಎಂಪಿಸಿ, ದಿ ಮಿಲ್ ಹೆಸರಿನಡಿ ದುಡಿಯುತ್ತಿದ್ದ ಕಲಾವಿದರು ಸಾವಿರಾರು ಸಂಖ್ಯೆಯಲ್ಲಿ ಒಟ್ಟಿಗೆ ಕೆಲಸ ಹುಡುಕತೊಡಗಿದರು. ಇದರ ಪರಿಣಾಮವಾಗಿ ಜೂನಿಯರ್ ಹುದ್ದೆಗೂ ಎರಡು ಮೂರು ವರ್ಷ ಅನುಭವ ಇರುವವರು ಅರ್ಜಿ ಹಾಕುತ್ತಾರೆ. ಸ್ಟುಡಿಯೋಗಳು ದೊಡ್ಡ ಶೋ (ಒಂದು ಚಿತ್ರ ಅಥವಾ ಸರಣಿಯ ಕೆಲಸ) ಸಿಕ್ಕಾಗ ಒಮ್ಮೆಲೇ ಜನರನ್ನು ತೆಗೆದುಕೊಳ್ಳುತ್ತವೆ, ಸಿಗದಿದ್ದರೆ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡಿರುತ್ತವೆ. ನಿಮ್ಮ ಮೇಲ್‌ಗೆ ಉತ್ತರ ಬರದಿದ್ದರೆ ಕಾರಣ ಎಷ್ಟೋ ಸಲ ಇಷ್ಟೇ. ಅದನ್ನು ನಿಮ್ಮ ಕೈಗುಣದ ತೀರ್ಪು ಎಂದುಕೊಂಡು ಕುಗ್ಗಬೇಡಿ.

ಮೊದಲ ಹಂತ ವಿಭಾಗ ಆರಿಸಿಕೊಳ್ಳುವುದು. ‘ವಿಎಫ್‌ಎಕ್ಸ್ ಆರ್ಟಿಸ್ಟ್’ ಎಂಬ ಹುದ್ದೆ ದೊಡ್ಡ ಸ್ಟುಡಿಯೋಗಳಲ್ಲಿ ಇಲ್ಲವೇ ಇಲ್ಲ. ಹೊಸಬರು ಒಳಗೆ ಬರುವ ಬಾಗಿಲುಗಳು ಮುಖ್ಯವಾಗಿ ಮೂರು: ರೋಟೋ (ಚಲಿಸುವ ಆಕೃತಿಯ ಅಂಚಿಗೆ ಗೆರೆ ಎಳೆದು ಅದನ್ನು ಬೇರ್ಪಡಿಸುವುದು), ಪೇಂಟ್ (ದೃಶ್ಯದಲ್ಲಿ ಬೇಡದ್ದನ್ನು ಅಳಿಸುವುದು, ಕೆಲವೆಡೆ ಪ್ರೆಪ್ ಎನ್ನುತ್ತಾರೆ), ಮ್ಯಾಚ್‌ಮೂವ್ (ಕ್ಯಾಮೆರಾದ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಮರುಸೃಷ್ಟಿಸುವುದು). ಎಲ್ಲ ಪದರಗಳನ್ನು ಒಂದೇ ಚಿತ್ರವಾಗಿ ಬೆರೆಸುವ ಕಾಂಪೋಸಿಟಿಂಗ್‌ಗೆ (ಕಾಂಪ್) ನೇರವಾಗಿ ಬರುವವರು ಕಡಿಮೆ. ಹೆಚ್ಚಿನವರು ರೋಟೋ, ಪೇಂಟ್ ದಾಟಿಯೇ ಬರುತ್ತಾರೆ. ಚಿತ್ರ ಬಿಡಿಸುವುದರಲ್ಲಿ ಆಸಕ್ತಿ ಇಲ್ಲದೆ ಜನರನ್ನು, ದಿನಾಂಕಗಳನ್ನು ಹೊಂದಿಸುವ ಜಾಣ್ಮೆ ಇರುವವರಿಗೆ ಪ್ರೊಡಕ್ಷನ್ ಕೋಆರ್ಡಿನೇಟರ್ ಹುದ್ದೆ ಇದೆ. ಅದಕ್ಕೆ ರೀಲ್ ಬೇಡ, ಶೀಟ್‌ಗಳ ಮೇಲೆ ಹಿಡಿತ ಮತ್ತು ಸ್ಪಷ್ಟವಾಗಿ ಮೇಲ್ ಬರೆಯುವ ಅಭ್ಯಾಸ ಸಾಕು. ಒಂದೇ ರೀಲ್‌ನಲ್ಲಿ ಒಂದು ಮಾಡೆಲ್, ಒಂದು ಲೋಗೋ ಆನಿಮೇಷನ್, ಒಂದು ಗ್ರೀನ್ ಸ್ಕ್ರೀನ್, ಒಂದು ಸ್ಫೋಟ ಇಟ್ಟವರಿಗೆ ಯಾವ ಸೀಟು ಕೊಡಬೇಕೆಂದು ಲೀಡ್‌ಗೆ ತಿಳಿಯುವುದಿಲ್ಲ. ಎರಡು ವಿಭಾಗಕ್ಕೆ ಅರ್ಜಿ ಹಾಕುವುದಾದರೆ ಎರಡು ರೀಲ್ ಮಾಡಿ.

ಯಂತ್ರಕಲಿಕೆಯ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಕಾಂಪೋಸಿಟಿಂಗ್ ಸಾಫ್ಟ್‌ವೇರ್ ಆದ ನ್ಯೂಕ್‌ನ 13ನೇ ಆವೃತ್ತಿಯಲ್ಲಿ, ಅಂದರೆ 2021ರಲ್ಲಿ, ಕೆಲವು ಫ್ರೇಮ್ ನೋಡಿ ಉಳಿದವನ್ನು ತಾನೇ ಮಾಡಲು ಕಲಿಯುವ ಕಾಪಿಕ್ಯಾಟ್ ಟೂಲ್ ಬಂತು. ಸಿಲೂಯೆಟ್‌ನಲ್ಲೂ ಡಾವಿಂಚಿ ರಿಸಾಲ್ವ್‌ನಲ್ಲೂ ತಾನಾಗಿ ಮಾಸ್ಕ್ (ಆಕೃತಿಯನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಪದರ) ತೆಗೆಯುವ ಟೂಲ್‌ಗಳಿವೆ. ಒರಟು ಮಾಸ್ಕ್‌ಗೆ ಅವು ಸಾಕು. ಕೂದಲು, ಬೆರಳು, ಮಸುಕಾದ ಚಲನೆ ಬಂದಲ್ಲಿ ಅಂಚು ಮಿನುಗುತ್ತದೆ, ಅಲ್ಲಿಗೆ ಮನುಷ್ಯರ ಕೈ ಬೇಕು. ಆದರೆ ಸುಲಭದ ರೋಟೋ ಶಾಟ್‌ಗಳು ಮುಂದೆ ಹೊಸಬರ ಕೈಗೆ ಈಗಿನಷ್ಟು ಬರಲಾರವು. ರೋಟೋದಲ್ಲಿ ಹೆಜ್ಜೆ ಇಡುವವರು ಮೊದಲ ದಿನದಿಂದಲೇ ಪೇಂಟ್ ಅನ್ನೂ ಕಲಿಯುತ್ತಿರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಈಗ ರೋಟೋ. ಕಾಣಲು ಸರಳವಾದ, ಅತಿ ಹೆಚ್ಚು ತಿರಸ್ಕಾರ ಕಾಣುವ ರೀಲ್ ಇದೇ ವಿಭಾಗದ್ದು. ನಡೆಯುವ ಮನುಷ್ಯನ ಸುತ್ತ ಒಂದೇ ಶೇಪ್ (ಅಂಚಿನ ಗೆರೆ) ಎಳೆದರೆ ಕೆಲಸ ಅಲ್ಲಿಗೇ ಕೆಟ್ಟಿತು. ತಲೆ, ಕುತ್ತಿಗೆ, ಎದೆ, ಮೇಲ್ತೋಳು, ಮುಂಗೈ, ಅಂಗೈ, ಒಂದೊಂದು ಬೆರಳು, ಹೀಗೆ ದೇಹ ಎಲ್ಲಿ ಮಡಿಯುತ್ತದೋ ಅಲ್ಲಿ ಶೇಪ್ ಬೇರೆಯಾಗಬೇಕು, ಒಂದರ ಮೇಲೊಂದು ಸ್ವಲ್ಪ ಹೊದ್ದಿರಬೇಕು. ಬಿಂದುಗಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮೊಣಕೈಯ ತುದಿಯಲ್ಲಿಟ್ಟ ಬಿಂದು ಕೊನೆಯ ಫ್ರೇಮ್‌ವರೆಗೂ ಮೊಣಕೈಯ ತುದಿಯಲ್ಲೇ ಇರಬೇಕು, ಅಂಚಿನ ಮೇಲೆ ಜಾರಬಾರದು. ಕೀಫ್ರೇಮ್ (ಶೇಪ್‌ನ ಸ್ಥಾನವನ್ನು ಕೈಯಿಂದ ನಿಗದಿ ಮಾಡುವ ಫ್ರೇಮ್) ಹಾಕುವ ಕ್ರಮ ಹೀಗೆ: ಮೊದಲು ಶಾಟ್ ಅನ್ನು ಹಲವು ಸಲ ಓಡಿಸಿ ಚಲನೆ ದಿಕ್ಕು ಬದಲಿಸುವ ಫ್ರೇಮ್‌ಗಳನ್ನು ಗುರುತಿಸಿಕೊಳ್ಳಿ, ಅಲ್ಲಿ ಕೀ ಹಾಕಿ, ಆಮೇಲೆ ಎರಡು ಕೀಗಳ ನಡುವಿನ ಫ್ರೇಮ್ ನೋಡಿ, ತಪ್ಪಿದ್ದರೆ ಮಾತ್ರ ಇನ್ನೊಂದು ಕೀ. ಎಳೆ ಎಳೆಯುವ ಮೊದಲು ಚುಕ್ಕಿ ಸರಿಯಾಗಿಡುವ ರಂಗೋಲಿಯ ಶಿಸ್ತೇ ಇಲ್ಲಿಯೂ. ಪ್ರತಿ ಫ್ರೇಮ್‌ಗೂ ಕೀ ಹಾಕಿದರೆ ಪ್ರತಿ ಫ್ರೇಮೂ ಬಿಡಿಯಾಗಿ ಸರಿಯಾಗಿ ಕಾಣುತ್ತದೆ, ಓಡಿಸಿದಾಗ ಅಂಚು ಕುದಿಯುತ್ತದೆ. ಇದಕ್ಕೇ ಲೀಡ್‌ಗಳು ‘ಚ್ಯಾಟರ್’ ಎನ್ನುವುದು. ತಿರಸ್ಕಾರಕ್ಕೆ ಇದಕ್ಕಿಂತ ದೊಡ್ಡ ಕಾರಣ ನಾವು ನೋಡಿಲ್ಲ.

ಮೋಷನ್ ಬ್ಲರ್‌ನಲ್ಲಿ ಇನ್ನೊಂದು ತಪ್ಪು. ಕೈ ಬೀಸುವಾಗ ಮಸುಕಿನ ಹೊರ ಅಂಚಿಗೆ ಶೇಪ್ ಎಳೆಯುವವರು ಹೆಚ್ಚು. ಎಳೆಯಬೇಕಾದ್ದು ಮಸುಕಿನ ನಡುಮಧ್ಯೆ. ಉಳಿದದ್ದನ್ನು ಮೋಷನ್ ಬ್ಲರ್ ಆನ್ ಮಾಡಿ ಸಾಫ್ಟ್‌ವೇರ್‌ಗೆ ಬಿಡಬೇಕು. 24 ಫ್ರೇಮ್‌ನಲ್ಲಿ 180 ಡಿಗ್ರಿ ಶಟರ್ ಇಟ್ಟು ಚಿತ್ರಿಸಿದ ಪ್ಲೇಟ್ ಆದರೆ ಶಟರ್ ಮೌಲ್ಯ 0.5. ಕೆಲಸ ಮುಗಿದ ಮೇಲೆ ಆಲ್ಫಾ, ಅಂದರೆ ನೀವು ಬೇರ್ಪಡಿಸಿದ ಆಕೃತಿಯ ಮಾಸ್ಕ್, ಅದೊಂದನ್ನೇ ಕಪ್ಪು ಬಿಳುಪಿನಲ್ಲಿ ಓಡಿಸಿ ನೋಡಿ, ನಂತರ ಪ್ಲೇಟ್ ಮೇಲೆ ಕೆಂಪು ಹೊದಿಕೆಯಾಗಿ ನೋಡಿ, ಕೊನೆಗೆ ಹಿನ್ನೆಲೆಗೆ ಗಾಢ ಬಣ್ಣವೊಂದನ್ನು ಹಾಕಿ ನೋಡಿ. ಮೂರರಲ್ಲೂ ಅಂಚು ಅಲುಗದೆ ನಿಂತರೆ ಅದು ರೀಲ್‌ಗೆ ಯೋಗ್ಯ.

ಪೇಂಟ್‌ನಲ್ಲಿ ವೈರ್, ರಿಗ್, ಟ್ರ್ಯಾಕಿಂಗ್ ಮಾರ್ಕರ್ ಅಳಿಸುವುದು, ಕ್ಲೀನ್ ಪ್ಲೇಟ್ (ಬೇಡದ ವಸ್ತುಗಳಿಲ್ಲದ ಖಾಲಿ ಹಿನ್ನೆಲೆ) ಕಟ್ಟುವುದು ಮುಖ್ಯ. ಗ್ರೇನ್ (ಚಿತ್ರದ ಮೇಲಿನ ಸೂಕ್ಷ್ಮ ಕಾಳುಕಾಳು) ತೆಗೆದು, ಪೇಂಟ್ ಮಾಡಿ, ಗ್ರೇನ್ ವಾಪಸ್ ಹಾಕುವುದು ಕ್ರಮ. ಇದನ್ನು ಮರೆತ ಜಾಗ ಸ್ಟಿಲ್‌ನಲ್ಲಿ ಕಾಣದು, ಓಡುವಾಗ ಸತ್ತ ಚರ್ಮದಂತೆ ಎದ್ದು ಕಾಣುತ್ತದೆ. ನೀಲಿ ಚಾನೆಲ್‌ನಲ್ಲಿ ಗ್ರೇನ್ ಹೆಚ್ಚು, ಪರೀಕ್ಷೆ ಅಲ್ಲಿಂದ ಶುರು ಮಾಡಿ. ಮೂಲ ಪ್ಲೇಟ್‌ಗೂ ನಿಮ್ಮ ಫಲಿತಾಂಶಕ್ಕೂ ಡಿಫರೆನ್ಸ್ ತೆಗೆದು ನೋಡಿ: ನೀವು ಮುಟ್ಟಿದ ಜಾಗ ಬಿಟ್ಟು ಉಳಿದೆಡೆ ಪೂರ್ತಿ ಕಪ್ಪು ಇರಬೇಕು. ಮ್ಯಾಚ್‌ಮೂವ್‌ಗೆ 3ಡಿಈಕ್ವಲೈಜರ್ ಸಾಫ್ಟ್‌ವೇರ್ ಕೇಳುವ ಸ್ಟುಡಿಯೋಗಳೇ ಹೆಚ್ಚು. ಲೆನ್ಸ್ ಡಿಸ್ಟಾರ್ಷನ್ (ಲೆನ್ಸ್‌ನಿಂದಾಗುವ ಬಾಗು) ತೆಗೆಯದೆ ಸಾಲ್ವ್ (ಕ್ಯಾಮೆರಾ ಚಲನೆಯ ಲೆಕ್ಕ) ಮಾಡಿದರೆ, ಪರೀಕ್ಷೆಗೆಂದು ಇಟ್ಟ ಕೋನ್‌ಗಳು ಫ್ರೇಮ್‌ನ ನಡುವಿನಲ್ಲಿ ಸರಿಯಾಗಿ ಕೂತರೂ ಮೂಲೆಗಳಲ್ಲಿ ಜಾರುತ್ತವೆ. ಕಾಂಪ್ ರೀಲ್ ಮಾಡುವವರು ಗಾಮಾ (ನಡುಮಟ್ಟದ ಬೆಳಕು) ಏರಿಸಿ ಇಳಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಸೇರಿಸಿದ ವಸ್ತುವಿನ ಕಪ್ಪು ಪ್ಲೇಟ್‌ನ ಕಪ್ಪಿಗಿಂತ ಆಳವಾಗಿದ್ದರೆ ಅದು ಎಲ್ಲಿಂದಲೋ ಅಂಟಿಸಿದ್ದೆಂದು ತಕ್ಷಣ ಗೊತ್ತಾಗುತ್ತದೆ. ಪ್ರೀಮಲ್ಟ್ (ಬಣ್ಣವನ್ನು ಆಲ್ಫಾದಿಂದ ಗುಣಿಸಿದ್ದು) ಆದ ಚಿತ್ರದ ಮೇಲೆ ನೇರವಾಗಿ ಬಣ್ಣ ತಿದ್ದಿದರೆ ಅಂಚಿಗೆ ಗೆರೆ ಬರುತ್ತದೆ.

ಅಭ್ಯಾಸದ ಫುಟೇಜ್ ಎಲ್ಲಿಂದ? ತರಬೇತಿ ಸಂಸ್ಥೆಗಳು ಬ್ಯಾಚ್‌ಗೆಲ್ಲ ಅದೇ ಐದಾರು ಪ್ಲೇಟ್ ಕೊಡುತ್ತವೆ. ಅದೇ ನಡೆಯುವ ಹುಡುಗಿ, ಅದೇ ಬೈಕು. ಲೀಡ್ ಅದನ್ನು ಎಷ್ಟೋ ರೀಲ್‌ಗಳಲ್ಲಿ ನೋಡಿರುತ್ತಾರೆ, ಯಾರ ಫೈಲ್ ಯಾರದ್ದೆಂಬ ಅನುಮಾನವೂ ಬರುತ್ತದೆ. ಬ್ಲೆಂಡರ್ ಫೌಂಡೇಶನ್ 2012ರಲ್ಲಿ ಹೊರತಂದ ‘ಟಿಯರ್ಸ್ ಆಫ್ ಸ್ಟೀಲ್’ ಕಿರುಚಿತ್ರದ ಮೂಲ ಫುಟೇಜ್ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಸಿಗುತ್ತದೆ, ನಿಜವಾದ ಸಿನಿಮಾ ಕ್ಯಾಮೆರಾದ್ದು. ಇಲ್ಲವೇ ನೀವೇ ಮೊಬೈಲ್‌ನಲ್ಲಿ ಚಿತ್ರಿಸಿ: ಎಕ್ಸ್‌ಪೋಷರ್ ಮತ್ತು ಫೋಕಸ್ ಲಾಕ್ ಮಾಡಿ, ಸ್ಟೆಬಿಲೈಸೇಷನ್ ಆಫ್ ಮಾಡಿ. ಸ್ಟೆಬಿಲೈಸೇಷನ್ ಫ್ರೇಮ್‌ನಿಂದ ಫ್ರೇಮ್‌ಗೆ ಕ್ರಾಪ್ ಬದಲಿಸುವುದರಿಂದ ಮ್ಯಾಚ್‌ಮೂವ್ ಕೂರುವುದೇ ಇಲ್ಲ. ಅನೇಕ ಫೋನ್‌ಗಳು ಫ್ರೇಮ್‌ರೇಟ್ ಅನ್ನು ಹೆಚ್ಚು ಕಡಿಮೆ ಮಾಡುತ್ತಾ ರೆಕಾರ್ಡ್ ಮಾಡುತ್ತವೆ, ಆದ್ದರಿಂದ ಮೊದಲು ಸ್ಥಿರ ಫ್ರೇಮ್‌ರೇಟ್‌ಗೆ ತಂದು, ಇಮೇಜ್ ಸೀಕ್ವೆನ್ಸ್ ಆಗಿ ಬದಲಿಸಿ ಕೆಲಸಕ್ಕೆ ಕೂರಿ. ಸಾಫ್ಟ್‌ವೇರ್‌ಗೆ ಕದ್ದ ಕಾಪಿ ಬೇಕಿಲ್ಲ. ಬ್ಲೆಂಡರ್ ಉಚಿತ, ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಫ್ಯೂಷನ್ ಇದೆ, ನ್ಯೂಕ್‌ನ ನಾನ್‌ಕಮರ್ಷಿಯಲ್ ಆವೃತ್ತಿ 1920×1080 ಮಿತಿಯೊಳಗೆ ಕಲಿಯಲು ಧಾರಾಳ ಸಾಕು.

ರೀಲ್ ಕಟ್ಟುವಾಗ 60ರಿಂದ 90 ಸೆಕೆಂಡ್ ಮೀರಬೇಡಿ. ನಾಲ್ಕರಿಂದ ಆರು ಶಾಟ್. ಎಲ್ಲಕ್ಕಿಂತ ಗಟ್ಟಿ ಶಾಟ್ ಮೊದಲು. ಉಳಿದವಕ್ಕಿಂತ ಸೋತ ಶಾಟ್ ಒಂದಿದ್ದರೆ ಅದನ್ನು ತೆಗೆದುಹಾಕಿ, ಏಕೆಂದರೆ ಅದನ್ನೂ ಇಟ್ಟುಕೊಂಡಿದ್ದೀರಿ ಎಂದರೆ ತಪ್ಪು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಎಂದೇ ಲೀಡ್ ತಿಳಿಯುತ್ತಾರೆ. ಆರಂಭದಲ್ಲಿ ಎರಡು ಮೂರು ಸೆಕೆಂಡ್ ಹೆಸರು, ವಿಭಾಗ, ಫೋನ್, ಮೇಲ್, ಕೊನೆಯಲ್ಲೂ ಅದೇ. ಸುತ್ತುವ ಲೋಗೋ ಬೇಡ. ಪ್ರತಿ ಶಾಟ್‌ಗೂ ಮುಗಿದ ರೂಪ, ಆಮೇಲೆ ಮೂಲ ಪ್ಲೇಟ್, ಆಲ್ಫಾ ಅಥವಾ ಹಂತಗಳು, ಮತ್ತೆ ಮುಗಿದ ರೂಪ. 24 ಫ್ರೇಮ್‌ನ ಪ್ಲೇಟ್ ಅನ್ನು 30ರ ಟೈಮ್‌ಲೈನ್‌ನಲ್ಲಿ ಹಾಕಿ ರೆಂಡರ್ ಮಾಡಿದರೆ ಫ್ರೇಮ್‌ಗಳು ಮರುಕಳಿಸಿ ಚಲನೆ ತಡವರಿಸುತ್ತದೆ. ನೋಡುವವರಿಗೆ ಅದು ನಿಮ್ಮ ರೋಟೋದ ದೋಷವಾಗಿಯೇ ಕಾಣುತ್ತದೆ. ಲೀನಿಯರ್ ಇಎಕ್ಸ್‌ಆರ್ (ಸ್ಟುಡಿಯೋಗಳು ಬಳಸುವ ಒಂದು ಬಗೆಯ ಚಿತ್ರದ ಫೈಲ್) ಅನ್ನು ಬಣ್ಣ ಪರಿವರ್ತಿಸದೆ ಎಕ್ಸ್‌ಪೋರ್ಟ್ ಮಾಡಿ ಕತ್ತಲೆಯಾದ ರೀಲ್ ಕಳಿಸುವವರೂ ಇದ್ದಾರೆ. 1080ಪಿ, ಎಚ್.264, ಬಿಟ್‌ರೇಟ್ ಉದಾರವಾಗಿ ಇಡಿ. ಕಂಪ್ರೆಷನ್ ಚೌಕಗಳು ಬಂದರೆ ಅಂಚು ನೋಡಲಾಗದು.

ಜೊತೆಗೆ ಒಂದು ಪುಟದ ಶಾಟ್ ಶೀಟ್, ಪಿಡಿಎಫ್ ಆಗಿ: ಯಾವ ಸೆಕೆಂಡ್‌ನಲ್ಲಿ ಯಾವ ಶಾಟ್, ಎಷ್ಟು ಫ್ರೇಮ್, ನೀವು ಮಾಡಿದ ಕೆಲಸ ಯಾವುದು, ಸಾಫ್ಟ್‌ವೇರ್ ಯಾವುದು, ಎಷ್ಟು ದಿನ ಹಿಡಿಯಿತು. ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಸ್ಟುಡಿಯೋ ಲೆಕ್ಕ ನಡೆಯುವುದೇ ಮ್ಯಾನ್‌ಡೇಗಳಲ್ಲಿ (ಒಬ್ಬರ ಒಂದು ದಿನದ ಕೆಲಸ), ಆದ್ದರಿಂದ ದಿನಗಳನ್ನು ಪ್ರಾಮಾಣಿಕವಾಗಿ ಬರೆದವರ ಮೇಲೆ ಲೀಡ್‌ಗೆ ನಂಬಿಕೆ ಹುಟ್ಟುತ್ತದೆ. ಹೊಸಬರು ನಿಧಾನ ಎಂಬುದು ಎಲ್ಲರಿಗೂ ಗೊತ್ತು. ತಂಡದಲ್ಲಿ ಮಾಡಿದ ಶಾಟ್ ಆದರೆ ನಿಮ್ಮ ಪಾಲು ಯಾವುದೆಂದು ಬರೆಯಲೇಬೇಕು.

ಕಳಿಸುವಾಗ ಜೀಮೇಲ್‌ನ ಅಟ್ಯಾಚ್‌ಮೆಂಟ್ ಮಿತಿ 25 ಎಂಬಿ, ಆದ್ದರಿಂದ ಲಿಂಕ್ ಕೊಡಿ. ಡ್ರೈವ್ ಲಿಂಕ್‌ಗೆ ಅನುಮತಿ ತೆರೆದಿದೆಯೇ ಎಂದು ಇನ್‌ಕಾಗ್ನಿಟೊ ವಿಂಡೋದಲ್ಲಿ ಪರೀಕ್ಷಿಸಿ. ಅನುಮತಿ ಕೇಳುವ ಲಿಂಕ್‌ಗೆ ಯಾರೂ ಎರಡನೇ ಸಲ ಬರುವುದಿಲ್ಲ. ಸಬ್ಜೆಕ್ಟ್‌ನಲ್ಲಿ ವಿಭಾಗ, ಅನುಭವ, ಊರು, ಯಾವಾಗ ಸೇರಬಲ್ಲಿರಿ ಎಂಬುದು ಇರಲಿ. ಮೇಲ್ ಐದು ಸಾಲು ಮೀರದಿರಲಿ. ಒಂದು ವಾರ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಮತ್ತೆ ಹೊಸ ಶಾಟ್ ಸೇರಿಸಿದಾಗ ಮಾತ್ರ ಬರೆಯಿರಿ. ಸ್ಟುಡಿಯೋಗಳ ಕೆರಿಯರ್ಸ್ ಪುಟ ಮತ್ತು ಲಿಂಕ್ಡ್‌ಇನ್ ಸರಿಯೇ, ಆದರೆ ಒಳಗಿರುವ ಸೀನಿಯರ್ ಒಬ್ಬರ ಮಾತಿನ ತೂಕ ಬೇರೆ. ಬೆಂಗಳೂರಿನ ಆನಿಮೇಷನ್ ಉದ್ಯಮದ ಸಂಘ ಅಬಾಯ್ ನಡೆಸುವ ಗಾಫೆಕ್ಸ್ ಸಮ್ಮೇಳನಕ್ಕೆ ಹೋದರೆ ಅಂಥವರು ಎದುರಿಗೇ ಸಿಗುತ್ತಾರೆ. ಕೆಲಸ ಕೊಡಿ ಎನ್ನುವ ಬದಲು ‘ಸರ್, ಈ ಶಾಟ್‌ನಲ್ಲಿ ಏನು ತಪ್ಪಿದೆ ಹೇಳ್ತೀರಾ’ ಎಂದು ಫೋನ್‌ನಲ್ಲಿ ರೀಲ್ ತೋರಿಸಿ. ಹೆಚ್ಚಿನವರು ನಿಂತು ಹೇಳುತ್ತಾರೆ. ಬೆಂಗಳೂರೊಂದನ್ನೇ ನಂಬಿ ಕೂರಬೇಡಿ. ದೊಡ್ಡ ಸ್ಟುಡಿಯೋಗಳಲ್ಲಿ ಡಿಎನ್‌ಇಜಿ ಮುಂಬೈ, ಚೆನ್ನೈಗಳಲ್ಲಿದೆ, ಐಎಲ್‌ಎಂ ಮುಂಬೈನಲ್ಲಿದೆ, ಹೈದರಾಬಾದ್‌ನಲ್ಲಿ ತೆಲುಗು ಚಿತ್ರಗಳ ಕೆಲಸ ಸಾಕಷ್ಟಿದೆ.

ರೀಲ್ ಹಿಡಿಸಿದರೆ ಟೆಸ್ಟ್. ಒಳ್ಳೆಯ ಟೆಸ್ಟ್‌ನಲ್ಲಿ ಎಲ್ಲರಿಗೂ ಅದೇ ಒಂದು ಶಾಟ್, ಐವತ್ತು ನೂರು ಫ್ರೇಮ್, ಸ್ಪಷ್ಟ ಗಡುವು. ಫ್ರೇಮ್ ಸಂಖ್ಯೆ 1001ರಿಂದ ಶುರುವಾಗಿದ್ದರೆ ಗಾಬರಿ ಬೇಡ: ಮೊದಲಿಗೆ ಹ್ಯಾಂಡಲ್ಸ್ ಎಂದು ಎಂಟು ಹೆಚ್ಚುವರಿ ಫ್ರೇಮ್ ಸೇರಿಸಬೇಕಾದರೆ 993ಕ್ಕೆ ಹೋಗಬಹುದು, ಮೈನಸ್ ಸಂಖ್ಯೆಗೆ ಇಳಿಯಬೇಕಾಗಿಲ್ಲ ಎಂಬುದಕ್ಕೆ ಆ ರೂಢಿ. ಬಂದ ಫೈಲ್‌ನ ಹೆಸರಿನ ವಿನ್ಯಾಸವನ್ನೇ ಉಳಿಸಿಕೊಂಡು v001 ಎಂದು ಸೇರಿಸಿ ಕೊಡಿ. ಫ್ರೇಮ್ ರೇಂಜ್, ರೆಸಲ್ಯೂಷನ್ ಬದಲಾಗಬಾರದು. ಕೆಲಸ ಚೆನ್ನಾಗಿದ್ದರೂ ಒಂದು ಫ್ರೇಮ್ ಕಡಿಮೆ ಬಂದ ಟೆಸ್ಟ್ ಅನ್ನು ಪಕ್ಕಕ್ಕಿಡುತ್ತಾರೆ. ಅಂಥ ಡೆಲಿವರಿ ಕ್ಲೈಂಟ್‌ಗೆ ಹೋದರೆ ಗುಣಮಟ್ಟ ಪರೀಕ್ಷೆಯಾದ ಕ್ಯೂಸಿಯಲ್ಲೇ ವಾಪಸ್ ಬರುತ್ತದೆ. ಪ್ರಾಜೆಕ್ಟ್ ಫೈಲ್ ಅನ್ನೂ ಕೇಳುತ್ತಾರೆ, ಶೇಪ್‌ಗಳಿಗೆ ಅರ್ಥವಾಗುವ ಹೆಸರಿಡಿ.

ಇಲ್ಲಿ ಮೋಸವೂ ಇದೆ. ಒಬ್ಬೊಬ್ಬರಿಗೆ ಒಂದೊಂದು ಬೇರೆ ಶಾಟ್, ಮುನ್ನೂರು ಫ್ರೇಮ್, 4ಕೆ, ‘ನಾಳೆ ಬೆಳಿಗ್ಗೆ ಬೇಕು’ ಎಂದರೆ ಅದು ಟೆಸ್ಟ್ ಆಗಿರಲಾರದು, ಯಾರದೋ ಚಿತ್ರದ ಕೆಲಸ ಪುಕ್ಕಟೆಯಾಗಿ ಆಗುತ್ತಿರುತ್ತದೆ. ‘ಇದು ನಡೆಯುತ್ತಿರುವ ಪ್ರಾಜೆಕ್ಟ್‌ನ ಶಾಟೇ?’ ಎಂದು ಮೇಲ್‌ನಲ್ಲೇ ಕೇಳಿ. ರಿಜಿಸ್ಟ್ರೇಷನ್ ಫೀಸು, ಲ್ಯಾಪ್‌ಟಾಪ್ ಡೆಪಾಸಿಟ್, ‘ತರಬೇತಿ ಶುಲ್ಕ ಕಟ್ಟಿದರೆ ಕೆಲಸ ಖಾತ್ರಿ’ ಎಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇಂಟರ್‌ವ್ಯೂನಲ್ಲಿ ನಿಮ್ಮ ಪ್ರಾಜೆಕ್ಟ್ ಫೈಲ್ ತೆರೆದು ‘ಇಲ್ಲಿ ಯಾಕೆ ಹೀಗೆ’ ಎನ್ನುತ್ತಾರೆ. ಪ್ರೀಮಲ್ಟ್ ಎಂದರೇನು, 8 ಬಿಟ್‌ಗೂ 16 ಬಿಟ್ ಫ್ಲೋಟ್‌ಗೂ ವ್ಯತ್ಯಾಸವೇನು, ಈ ಶಾಟ್ ಎಷ್ಟು ದಿನ ಬೇಕು, ಇಂಥ ಪ್ರಶ್ನೆಗಳು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್‌ಗೆ ಹೆದರಿ ಅರ್ಜಿಯನ್ನೇ ಹಾಕದಿರುವುದನ್ನು ಕಂಡಾಗ ನಮಗೆ ನಿಜಕ್ಕೂ ನೋವಾಗುತ್ತದೆ. ಫ್ಲೋರ್‌ನಲ್ಲಿ ಬೇಕಾಗುವ ಇಂಗ್ಲಿಷ್ ಬಹಳ ಚಿಕ್ಕದು. ದಿನದ ಕೆಲಸವನ್ನು ಒಟ್ಟಿಗೆ ಕೂತು ನೋಡುವ ಡೈಲೀಸ್‌ನಲ್ಲಿ ಬರುವ ನೋಟ್‌ಗಳು ‘ಎಡ್ಜ್ ಚ್ಯಾಟರ್’, ‘ಟೂ ಸಾಫ್ಟ್’, ‘ಗ್ರೇನ್ ಮಿಸ್‌ಮ್ಯಾಚ್’, ‘ಪಾಪಿಂಗ್ ಅಟ್ 1034’ ಎಂಬಂಥವು. ಇಂಥ ಐವತ್ತು ಪದ ಗೊತ್ತಿದ್ದು, ಅರ್ಥವಾಗದ್ದನ್ನು ಮತ್ತೆ ಕೇಳುವ ಧೈರ್ಯ ಇದ್ದರೆ ಕೆಲಸ ನಡೆಯುತ್ತದೆ. ಹಲವು ಲೀಡ್‌ಗಳು ಕನ್ನಡದವರೇ, ‘ಕನ್ನಡದಲ್ಲಿ ಹೇಳಬಹುದಾ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಆಫರ್ ಬಂದಾಗ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ನೋಡಿ ಹಿಗ್ಗಬೇಡಿ. ಅದರೊಳಗೆ ಕಂಪನಿಯ ಪಾಲಿನ 12% ಪಿಎಫ್, ಮೂಲ ವೇತನದ 4.81% ಗ್ರಾಚ್ಯುಟಿ ಸೇರಿರುತ್ತದೆ. ನಿಮ್ಮ ಪಾಲಿನ 12% ಪಿಎಫ್ ಬೇರೆ ಕಡಿತವಾಗುತ್ತದೆ, ಸಂಬಳ 25,000 ಮುಟ್ಟಿದರೆ ತಿಂಗಳಿಗೆ 200 ರೂಪಾಯಿಯಂತೆ, ಫೆಬ್ರವರಿಯಲ್ಲಿ 300 ರೂಪಾಯಿ, ವೃತ್ತಿ ತೆರಿಗೆಯೂ. ಕೈಗೆ ಎಷ್ಟು ಬರುತ್ತದೆ ಎಂದು ಬರಹದಲ್ಲಿ ಕೇಳಿ. ಪ್ರೊಬೇಷನ್ ಎಷ್ಟು ತಿಂಗಳು, ನೋಟಿಸ್ ಪೀರಿಯಡ್ ಎಷ್ಟು, ರಾತ್ರಿ ಕೆಲಸಕ್ಕೆ ಕ್ಯಾಬ್ ಇದೆಯೇ, ಡೆಲಿವರಿ ವಾರದ ಭಾನುವಾರಗಳಿಗೆ ಹಣವೋ ಬದಲಿ ರಜೆಯೋ (ಕಾಂಪ್ ಆಫ್) ಎಂಬುದನ್ನೂ ಆಗಲೇ ಕೇಳಿ.

ಬಾಂಡ್ (ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಎಂಬ ಒಪ್ಪಂದ) ಬಗ್ಗೆ ಎರಡು ತಪ್ಪು ತಿಳಿವಳಿಕೆ ಹರಡಿದೆ. ಬಾಂಡ್‌ಗೆ ಕಾನೂನಿನ ಬಲವೇ ಇಲ್ಲ ಎಂಬುದು ಒಂದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಸಹಿ ಹಾಕಿದರೆ ಮುಂದೆ ಪ್ರೊಬೇಷನ್‌ನಲ್ಲಿರಲಿ, ಇಲ್ಲದಿರಲಿ, ಆ ಕಾಗದ ನಿಮ್ಮ ಎದುರು ಬರಬಹುದು ಎಂದುಕೊಂಡೇ ಸಹಿ ಹಾಕಿ. ಬಿಟ್ಟ ಮೇಲೆ ಬೇರೆ ಸ್ಟುಡಿಯೋ ಸೇರುವಂತಿಲ್ಲ ಎಂಬ ಷರತ್ತು ನಮ್ಮನ್ನು ಕಟ್ಟಿಹಾಕುತ್ತದೆ ಎಂಬುದು ಇನ್ನೊಂದು. 1872ರ ಗುತ್ತಿಗೆ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ವೃತ್ತಿಗೆ ತಡೆ ಒಡ್ಡುವ ಒಪ್ಪಂದ ಅನೂರ್ಜಿತ. ಮೂಲ ಅಂಕಪಟ್ಟಿಗಳನ್ನು ಮಾತ್ರ ಯಾರ ಕೈಗೂ ಒತ್ತೆ ಇಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ತನ್ನಿ.

ಕನ್ನಡ ಚಿತ್ರಗಳ ಕೆಲಸ ಬಹುಪಾಲು ಬೆಂಗಳೂರಿನ ಸಣ್ಣ ಸ್ಟುಡಿಯೋಗಳಲ್ಲಿ, ಶಾಟ್ ಲೆಕ್ಕದ ದರದಲ್ಲಿ ನಡೆಯುತ್ತದೆ. ಕಲಿಯಲು ಅದು ತುಂಬ ಒಳ್ಳೆಯ ಜಾಗ, ಒಬ್ಬರೇ ರೋಟೋದಿಂದ ಕಾಂಪ್‌ವರೆಗೆ ಮುಟ್ಟುವ ಅವಕಾಶ ಬೇರೆಲ್ಲೂ ಸಿಗದು. ಹಣದ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಬೇಕು. ಬಿಡುಗಡೆ ದಿನಾಂಕ ಮುಂದೆ ಹೋದರೆ ಪಾವತಿಯೂ ಮುಂದೆ ಹೋಗುತ್ತದೆ. ಶಾಟ್ ಸಂಖ್ಯೆ, ದರ, ಎಷ್ಟು ತಿದ್ದುಪಡಿ ದರದೊಳಗೆ, ಮುಂಗಡ ಎಷ್ಟು ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಪ್ರಿವ್ಯೂ ಅನ್ನು ವಾಟರ್‌ಮಾರ್ಕ್ ಹಾಕಿ ಕೊಡಿ, ಪೂರ್ಣ ರೆಸಲ್ಯೂಷನ್ ಬಾಕಿ ಬಂದ ಮೇಲೆ. ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಎಂದು ಸಾಮಾನ್ಯವಾಗಿ 10% ಹಿಡಿಯುತ್ತಾರೆ. ಹಿಡಿದದ್ದನ್ನು ನಿಮ್ಮ ಪ್ಯಾನ್‌ಗೆ ಕಟ್ಟಿದ್ದಾರೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ, ರಿಟರ್ನ್ ಸಲ್ಲಿಸಿದರೆ ಹೆಚ್ಚುವರಿ ಹಿಡಿದದ್ದು ವಾಪಸ್ ಬರುತ್ತದೆ. ಟೈಟಲ್ ಕಾರ್ಡ್‌ನಲ್ಲಿ ಹೆಸರು ಹೇಗೆ ಬರಬೇಕೆಂಬುದನ್ನು ಕಾಗುಣಿತ ಸಮೇತ ಮೊದಲೇ ಕಳಿಸಿ.

ಕೆಲಸಕ್ಕೆ ಸೇರಿದ ದಿನವೇ ಮುಂದಿನ ಹುಡುಕಾಟದ ತಯಾರಿಯೂ ಶುರುವಾಗಬೇಕು, ಏಕೆಂದರೆ ಸ್ಟುಡಿಯೋ ಮುಚ್ಚಿದರೆ ಕಚೇರಿಯ ಮೇಲ್ ಮೊದಲು ಹೋಗುತ್ತದೆ. ಆಫರ್ ಲೆಟರ್, ಪ್ರತಿ ತಿಂಗಳ ಪೇ ಸ್ಲಿಪ್, ಕಂಪನಿ ಕೊಡುವ ತೆರಿಗೆ ಕಡಿತದ ಪ್ರಮಾಣಪತ್ರ, ಪಿಎಫ್‌ನ ಯುಎಎನ್ ಸಂಖ್ಯೆ ನಿಮ್ಮ ಸ್ವಂತ ಮೇಲ್‌ನಲ್ಲಿರಲಿ. ಶಾಟ್‌ಗಳನ್ನು ಮಾತ್ರ ಎಂದೂ ಹೊರಗೆ ತರಬೇಡಿ. ಭದ್ರತಾ ನಿಯಮ ಬಿಗಿಯಾಗಿರುವ ಫ್ಲೋರ್‌ಗಳಲ್ಲಿ ಫೋನ್, ಪೆನ್‌ಡ್ರೈವ್ ಒಳಗೆ ಬಿಡುವುದೇ ಇಲ್ಲ, ಸೋರಿಕೆಯಾದರೆ ಸ್ಟುಡಿಯೋ ಆ ಕ್ಲೈಂಟ್‌ನನ್ನೇ ಕಳೆದುಕೊಳ್ಳಬಹುದು. ಎನ್‌ಡಿಎ (ಗೋಪ್ಯತೆಯ ಒಪ್ಪಂದ) ಒಪ್ಪುವಷ್ಟರ ಮಟ್ಟಿಗೆ, ಯಾವ ಶೋ, ಯಾವ ಥರದ ಕೆಲಸ, ಎಷ್ಟು ದಿನ ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಚಿತ್ರ ಬಿಡುಗಡೆಯಾದ ಮೇಲೆ ರೀಲ್‌ಗೆ ಬಳಸಲು ಅನುಮತಿ ಕೇಳಿ ಪ್ರೊಡಕ್ಷನ್‌ಗೆ ಮೇಲ್ ಹಾಕಿ. ಕೆಲವು ಸ್ಟುಡಿಯೋಗಳು ಆಯ್ದ ಶಾಟ್‌ಗಳನ್ನು ತಾವೇ ಕತ್ತರಿಸಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕೊಡದಿದ್ದಲ್ಲಿ ಆ ಪುಸ್ತಕದ ಸಾಲುಗಳನ್ನು ನೋಡಿಕೊಂಡು, ಅದೇ ಬಗೆಯ ಒಂದು ಶಾಟ್ ಅನ್ನು ಮನೆಯಲ್ಲಿ ನೀವೇ ಚಿತ್ರಿಸಿ ಮಾಡಿ ರೀಲ್‌ಗೆ ಸೇರಿಸಿ.